ಲಂಗರಿಗೆ ವಿಭೂತಿ

ಡುಬುಕ್... ಗಳಗಳಗಳ. ನಮ್ಮವರು ಇದ್ದ ಕಾಲದ ಭಾನುವಾರಗಳು ನನಗೆ ಈಗಲೂ ಹೀಗೇ ಕೇಳಿಸುತ್ತವೆ. ಚನ್ನಪಟ್ಟಣದ ಮನೆಯಿಂದ ಕಣ್ವ ಜಲಾಶಯಕ್ಕೆ ಹೋಗಿ, ನಮ್ಮ ಪುಟ್ಟ ಹಾಯಿದೋಣಿಯನ್ನು ನೀರಿನ ನಡುವೆ ಗಾಳಿಗೆ ಎದುರಾಗಿ ತಿರುಗಿಸಿ, ಅವರು ಲಂಗರನ್ನು ಮೆಲ್ಲಗೆ ಇಳಿಸುತ್ತಿದ್ದರು. ಹಿಂದೆಯೇ ಸರಪಣಿ, ಅದರ ಹಿಂದೆ ಉದ್ದನೆಯ ಹಗ್ಗ. ದೋಣಿ ನಿಂತಿತೆಂದರೆ ಫ್ಲಾಸ್ಕ್ ತೆರೆಯುವುದು ನನ್ನ ಡ್ಯೂಟಿ. ಆ ಕಾಫಿಯ ರುಚಿ ದಡದ ಮೇಲೆ ಎಂದೂ ಬರಲಿಲ್ಲ.

ಅವರು ಹೋದ ಮೇಲೆ ದೋಣಿಯನ್ನು ನಾನೇ ನಡೆಸತೊಡಗಿದೆ. ವಯಸ್ಸಾದ ಹೆಂಗಸು ದೇವಸ್ಥಾನಕ್ಕೆ ಹೋದರೆ ಯಾರೂ ಯಾಕೆ ಎಂದು ಕೇಳುವುದಿಲ್ಲ; ನೀರಿಗಿಳಿದರೆ ಊರೆಲ್ಲ ಅದೇ ಪ್ರಶ್ನೆ ಹಿಡಿದು ಹಿಂದೆಯೇ ನೀರಿಗಿಳಿಯುತ್ತದೆ. ನಮ್ಮ ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದು ಎರಡೇ: ಬೆನ್ನು ನೆಟ್ಟಗಿರಬೇಕು, ತಪ್ಪಿದರೂ ಮುಖ ಪ್ಲೆಸೆಂಟ್ ಆಗಿರಬೇಕು. ಜಾಮೆಟ್ರಿ ಮರೆತಿದ್ದೇನೆ, ಇವೆರಡನ್ನು ಮರೆತಿಲ್ಲ.

ಮೈದುನನ ಮಗ ಮಹದೇವ ಮಾತ್ರ ಪಟ್ಟು ಹಿಡಿದ. "ದೊಡ್ಡಮ್ಮ, ಓಡ್ಸೋದೇನು ಗಾಳಿ ಓಡ್ಸ್ತದೆ. ನಿಲ್ಸಾಕೆ ಆಯ್ತದಾ ನಿಮ್ಗೆ? ಸುಸ್ತಾಯ್ತು ಅಂದ್ರೆ ನಡು ನೀರ್ನಾಗೆ ಏನ್ ಮಾಡ್ತೀರಿ? ಒಂದ್ಸಲ ಲಂಗರ್ ಬುಟ್ಟು, ಒಸಿ ಕೂತು, ಕಾಫಿ ಕುಡ್ದು ಬನ್ನಿ ನೋಡಾನ. ಆಗ್ನಿಲ್ಲ ಅಂದ್ರೆ ದೋಣೀನ ಮೀನು ಹಿಡ್ಯೋರಿಗೆ ಕೊಟ್ಬುಡ್ತೀನಿ."

"ಫೈನ್, ನಾಳೆಯೇ," ಎಂದೆ.

ಜೊತೆಗೆ ಬಂದವಳು ಅವನ ತಾಯಿ, ನನ್ನ ಓರಗಿತ್ತಿ ರಾಜಮ್ಮ. ಕುದೂರಿನ ಹೆಣ್ಣು, ಈಜು ಬಾರದು, ಹೆದರಿಕೆಯೂ ಬಾರದು. ಲೈಫ್ ಜಾಕೆಟ್ಟನ್ನು ಸೀರೆಯ ಮೇಲೆ ಹಾಕಿದರೆ, ಅದರ ಮೇಲೆ ಸೆರಗು ಹೊದ್ದು ಕೂತಳು. "ಇಲ್ದಿದ್ರೆ ನೋಡ್ದೋರು ಏನಂದಾರು ಅಕ್ಕ?" ನೀರಿನ ಮೇಲೆ ಎರಡು ಕೊಕ್ಕರೆ ಬಿಟ್ಟರೆ ನೋಡುವವರು ಯಾರೂ ಇರಲಿಲ್ಲ.

ನಡುವೆ ಹೋದೆವು. ದೋಣಿಯನ್ನು ಗಾಳಿಗೆ ಎದುರು ಮಾಡಿದೆ, ಹಾಯಿ ಇಳಿಸಿದೆ, ದಡದಲ್ಲಿ ನಿಂತಿದ್ದ ಮಹದೇವನ ಕಡೆಗೆ ರಾಣಿಯಂತೆ ಕೈಬೀಸಿದೆ. "ರಾಜಮ್ಮ, ಬಿಡು!"

ಡುಬುಕ್... ಗಳಗಳಗಳ. ಆಹಾ! ನನ್ನ ಕಣ್ಣು ತುಂಬಿತು. ತುಂಬಿದ ಕಣ್ಣು ಒರೆಸಿಕೊಂಡು ನೋಡುತ್ತೇನೆ, ಹಗ್ಗ ಸುರುಳಿ ಸುತ್ತಿದಂತೆಯೇ ದೋಣಿಯಲ್ಲಿ ಕೂತಿದೆ.

"ರಾಜಮ್ಮ, ಹಗ್ಗ ಲಂಗರಿಗೆ ಕಟ್ಟಿರಲಿಲ್ಲವೇನೇ?"

"ಆಯುಧಪೂಜೇಲಿ ನಾನೇ ಬಿಚ್ಚಿದ್ನಲ್ಲಕ್ಕ. ಕಬ್ಬಿಣ ತೊಳೀಬೇಕಲ್ವ? ಹುಣಸೇಹಣ್ಣು ಹಾಕಿ ತಿಕ್ಕಿ, ವಿಭೂತಿ ಬಳ್ದು, ಹೂ ಮುಡ್ಸಿ, ನಿಂಬೆಹಣ್ಣು ಇಟ್ಟಿದ್ದೆ. ಹಗ್ಗಾನೂ ಸೋಪಿನಪುಡೀಲಿ ಒಗ್ದು ಒಣಾಕಿದ್ದೆ. ಎಷ್ಟು ಬೆಳ್ಗೈತೆ ನೋಡು!"

ಬೆಳ್ಳಗೇನೋ ಇತ್ತು. ಮನೆಯ ಕುಡುಗೋಲು, ಈಳಿಗೆಮಣೆ, ಮಿಕ್ಸಿ, ಸ್ಕೂಟರು, ಎಲ್ಲದರ ಸಾಲಿನಲ್ಲಿ ಲಂಗರಿಗೂ ಪೂಜೆಯಾಗಿತ್ತು. ಕೈಮುಗಿದು ಮಂಗಳಾರತಿ ತೆಗೆದುಕೊಂಡವಳು ನಾನೇ. ಮತ್ತೆ ಕಟ್ಟಿದೆಯೇ ಎಂದು ನೋಡದವಳೂ ನಾನೇ. ಹೀಗೆ ನಮ್ಮವರ ಲಂಗರು ಹೂ ಮುಡಿದುಕೊಂಡು ತಳ ಸೇರಿತು.

ಗಾಳಿ ನಮ್ಮನ್ನು ದಡದ ಕಡೆಗೆ ತಳ್ಳತೊಡಗಿತು. ಅಲ್ಲಿಂದ ಮಹದೇವ, "ಏನಾಯ್ತು ದೊಡ್ಡಮ್ಮಾ?" ಎಂದು ಕೂಗಿದ. ನೀರು ಗೋರುವ ಬಕೆಟ್ಟನ್ನು ಆ ಬೆಳ್ಳನೆಯ ಹಗ್ಗದ ತುದಿಗೆ ಬಿಗಿದು, ಇನ್ನೊಂದು ತುದಿಯನ್ನು ದೋಣಿಯ ಮೂತಿಗೆ ಕಟ್ಟಿ ನೀರಿಗಿಳಿಸಿದೆ. ಬಕೆಟ್ ತುಂಬಿಕೊಂಡು ಜಗ್ಗಿತು. ದೋಣಿ ನಿಲ್ಲಲಿಲ್ಲ, ಆದರೆ ಉಂಡೆದ್ದ ಎಮ್ಮೆಯಂತೆ ನಿಧಾನವಾಯಿತು.

"ರಾಜಮ್ಮ, ಬೆನ್ನು ನೆಟ್ಟಗೆ! ಮುಖ ಪ್ಲೆಸೆಂಟ್! ಕಾಫಿ ಬಗ್ಗಿಸು!"

ಕುಡಿದೆವು. ಅವಳು ತಂದಿದ್ದ ಚಕ್ಕುಲಿಯನ್ನೂ ಮುಗಿಸಿದೆವು. ಕೊನೆಯ ಗುಟುಕಿಗೆ ದೋಣಿ ಮಹದೇವನ ಕಾಲ ಬುಡಕ್ಕೆ ಬಂದು ಮೆತ್ತಗೆ ಮುಟ್ಟಿತು.

"ಎಲ್ ನಿಂತ್ರಿ ದೊಡ್ಡಮ್ಮ ನೀವು?"

"ನಾವು ನಿಂತೇ ಇದ್ದೆವಪ್ಪ. ದಡವೇ ಬಂತು."

ಅವನು ಬಾಯಿ ತೆರೆಯುವ ಮೊದಲೇ ರಾಜಮ್ಮ ಎದ್ದಳು. "ಏನ್ಲಾ, ಕಾಫಿ ಕುಡ್ದಿದ್ದು ಕಾಣ್ನಿಲ್ವ ನಿಂಗೆ? ಕೂತಿದ್ದು ಕಾಣ್ನಿಲ್ವ? ದೋಣಿ ಅಕ್ಕಂದೇ. ಮೀನಿನೋರಿಗೆ ಕೊಡೋದಾದ್ರೆ ಮೊದ್ಲು ನನ್ನ ಕೊಡು!"

ಮಹದೇವ ತಲೆ ಕೆರೆದುಕೊಂಡ. "ಆಯ್ತವ್ವ. ಹೊಸ ಲಂಗರ್ ಮಾಡಿಸ್ಕೊಡ್ತೀನಿ. ಅದ್ಕೆ ಮಾತ್ರ ಪೂಜೆ ಬ್ಯಾಡ."

"ಪೂಜೆ ಬುಡಾಕಾಯ್ತದಾ? ಕಟ್ಬುಟ್ಟೇ ಮಾಡ್ತೀನಿ!"

ದೋಣಿ ನನ್ನ ಬಳಿಯೇ ಉಳಿಯಿತು. ಅಂದಿನಿಂದ ನಾವು ಹೋದಾಗಲೆಲ್ಲ ರಾಜಮ್ಮನದು ಒಂದೇ ಪ್ರಶ್ನೆ, "ಅಕ್ಕ, ಕಟ್ಟಿದ್ದೀಯಾ?" ಕೇಳಿ ಕೇಳಿ ನನಗೆ ರೇಗುತ್ತಿತ್ತು. ಕಾನ್ವೆಂಟಿನಲ್ಲಿ ಓದಿದವಳಿಗೆ ಒಂದೇ ಪಾಠ ಎಷ್ಟು ಸಲ?

ಕೊನೆಯ ಸಲ ಅವಳನ್ನು ನೋಡಿದ್ದು ಚನ್ನಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ. ತವರಿಗೆ ಹೊರಟಿದ್ದಳು, ಬಸ್ಸು ಹತ್ತಿಸಲು ನಾನೂ ಹೋಗಿದ್ದೆ. ಮಾಗಡಿ ಬಸ್ಸು ಕದಲಿದಾಗ ಕಿಟಕಿಯಿಂದ ತಲೆ ಹೊರಹಾಕಿ, ಇಡೀ ಸ್ಟ್ಯಾಂಡಿಗೆ ಕೇಳುವಂತೆ ಕೂಗಿದಳು, "ಅಕ್ಕಾ, ಭಾನ್ವಾರ ಒಬ್ಳೇ ಹೋದ್ರೆ ಕಟ್ಟಿದ್ದೀಯಾ ನೋಡ್ಕೊ!"

"ನನಗೆ ಗೊತ್ತು, ಹೋಗೇ! ನಾನೇನೂ ಮರೆಯುವವಳಲ್ಲ!" ಎಂದು ನಾನೂ ಕೂಗಿದೆ, ಬೆನ್ನು ನೆಟ್ಟಗೆ, ಮುಖ ಪ್ಲೆಸೆಂಟ್. ಬಸ್ಸು ತಿರುಗಿ ಮರೆಯಾಗುವವರೆಗೂ ಕೈಬೀಸುತ್ತಲೇ ಇದ್ದೆ. ಆ ಕೈಯಲ್ಲಿ ಅವಳ ಚೀಲವಿತ್ತು.