ನನ್ನ ಕೈಯೂ ಆಫ್ರಿಕಾದ ಬೆಣ್ಣೆಯೂ

ಎಪ್ಪತ್ತು ದಾಟಿದ ಹೆಂಗಸು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಂಡರೆ ಮನೆಯವರು ‘ಪಾಪ’ ಅನ್ನುತ್ತಾರೆ. ಅದೇ ಹೆಂಗಸು ಮುಖಕ್ಕೆ ಏನಾದರೂ ಹಚ್ಚಿಕೊಂಡರೆ ಬಾಯಿಗೆ ಸೆರಗು ಮುಚ್ಚಿಕೊಂಡು ನಗುತ್ತಾರೆ. ಕಾಲು ನನ್ನದು, ಮುಖ ಮಾತ್ರ ಊರಿನವರದೋ? ನಾನು ಓದಿದ್ದು ಮೂರನೇ ಕ್ಲಾಸು, ಅದರಲ್ಲೂ ಅರ್ಧ ವರ್ಷ ಎಮ್ಮೆ ಹಿಂದೆ. ಕಾಗುಣಿತ ತಪ್ಪಿದ್ದರೆ ನೀವೇ ಸರಿ ಮಾಡಿಕೊಂಡು ಓದಿ. ಹೌದು, ನಾನು ಕೈಗೆ, ಮುಖಕ್ಕೆ, ತಲೆಗೆ ಬೆಣ್ಣೆ ಹಚ್ಚಿದ್ದೇನೆ. ಹಾಲಿನ ಬೆಣ್ಣೆಯಲ್ಲ, ಗಿಡದ ಬೆಣ್ಣೆ. ಅದರಿಂದ ಯಾರಪ್ಪನ ಮನೆ ಗಂಟೂ ಹೋಗಿಲ್ಲ. ಹೋಗಿದ್ದರೆ ಮೊಮ್ಮಗಳದು ಒಂದು ಡಬ್ಬಿ ಹೋಗಿದೆ, ಅಷ್ಟೆ.

ಮೊಮ್ಮಗಳು ಸೌಮ್ಯ ಬಾಣಂತನಕ್ಕೆ ಕ್ಯಾತನಹಳ್ಳಿಗೆ, ನಮ್ಮ ಮನೆಗೆ ಬಂದಳು. ಈ ಮನೆಯಲ್ಲಿ ಹುಟ್ಟಿದ ಕೂಸುಗಳಿಗೆಲ್ಲ ನೀರು ಹಾಕಿದವಳು ನಾನು. ಬಚ್ಚಲಲ್ಲಿ ಮಣೆ ಹಾಕಿಕೊಂಡು, ಕಾಲು ನೀಡಿ, ಕೂಸನ್ನು ಕಾಲ ಮೇಲೆ ಮಲಗಿಸಿ ಹಂಡೆಯ ನೀರು ಹೊಯ್ದರೆ ಬೀದಿ ತುದಿಗೆ ಕೇಳುವ ಹಾಗೆ ಕಿರುಚುತ್ತಿದ್ದವು. ‘ಅಳ್ಲಿ ಬುಡಿ, ಉಸ್ರು ಬಲವಾಯ್ತದೆ’ ಅನ್ನುತ್ತಿದ್ದೆ. ಆಚೆ ತಂದಾಗ ದಾಸವಾಳದ ಮೊಗ್ಗಿನಂತೆ ಕೆಂಪಗಿರುತ್ತಿದ್ದವು, ಮಧ್ಯಾಹ್ನದವರೆಗೂ ನಿದ್ದೆ. ನನ್ನ ಮಗನನ್ನೂ ಹಾಗೇ ಬೆಳೆಸಿದ್ದು. ಈಗ ಐವತ್ತು ದಾಟಿದ್ದಾನೆ, ಮಾಗಿಯ ಚಳಿಯಲ್ಲೂ ಬೋರಿನ ತಣ್ಣೀರನ್ನೇ ಹೊಯ್ದುಕೊಳ್ಳುತ್ತಾನೆ. ಅಷ್ಟು ಗಟ್ಟಿ ಮೈ ಕೊಟ್ಟಿದ್ದು ನನ್ನ ಕೈ ಅಂತ ಬೀದಿಯಲ್ಲೆಲ್ಲ ಹೇಳಿಕೊಂಡು ಬಂದವಳು ನಾನು.

ಸೌಮ್ಯಳ ಕೂಸಿಗೂ ಹಾಗೇ ನೀರು ಹಾಕಿದೆ. ಕೂಸಿಗಿಂತ ಜೋರಾಗಿ ಅವಳು ಅತ್ತಳು. “ಅಜ್ಜಿ, ಮಗು ಮೈಯೆಲ್ಲ ಕೆಂಪಗಾಗೋಯ್ತು! ನಿನ್ ಕೈ ಒಸಿ ನೋಡ್ಕೊ.” ನನ್ನ ಸೊಸೆ ಭಾಗ್ಯ ಇಂಥ ಹೊತ್ತಿಗೇ ಮೂವತ್ತು ವರ್ಷದಿಂದ ಕಾಯುತ್ತಿದ್ದಳು ಅಂತ ಕಾಣುತ್ತದೆ. “ನಮ್ ಅತ್ತೆಮ್ಮನ ಕೈ ಎಮ್ಮೆ ನಾಲ್ಗೆ ಇದ್ದಂಗದೆ ಕನಮ್ಮಿ. ನನ್ ಮದ್ವೇಲಿ ಅರಿಶಿಣ ಹಚ್ಚಿದ್ರಲ್ಲ, ಇನ್ನೂ ಉರೀತದೆ” ಅಂದಳು. ತಾಯಿ ಮಗಳು ಸೇರಿ ತೀರ್ಮಾನ ಮಾಡಿಯೇ ಬಿಟ್ಟರು. ಇನ್ನು ಮೇಲೆ ನೀರು ಹಾಕುವುದು ಭಾಗ್ಯ. ಇನ್ನೊಂದು ತಿಂಗಳಿಗೆ ತೊಟ್ಟಿಲು ಶಾಸ್ತ್ರ. ಆವತ್ತು ನೀರು ಹಾಕುವುದು ಸೌಮ್ಯಳ ಅತ್ತೆ, ಕಿಕ್ಕೇರಿಯ ಬೀಗಿತ್ತಿ. ಆಯಮ್ಮನದು ಬಟ್ಟೆ ಅಂಗಡಿ. ದಿನವೆಲ್ಲ ರೇಷ್ಮೆ ಸೀರೆ ಮಡಿಸುವ ಕೈ, ಬಾಳೆದಿಂಡಿನ ಹಾಗೆ ನುಣ್ಣಗಿದೆ. ನಾನು ಬಚ್ಚಲ ಬಾಗಿಲಲ್ಲಿ ಟವಲು ಹಿಡಿದುಕೊಂಡು ನಿಲ್ಲಬೇಕಂತೆ! ನಿಲ್ಲುತ್ತೇನೆಯೇ ನಾನು?

ಎಲ್ಲದಕ್ಕೂ ಮೂಲ ಸೌಮ್ಯ ತಂದಿದ್ದ ಒಂದು ಡಬ್ಬಿ. ಹರಳೆಣ್ಣೆ ಬೇಡ, ಕಡಲೆಹಿಟ್ಟು ಬೇಡ, ಕೂಸಿನ ಮೈಗೂ ತನ್ನ ತಲೆಗೂ ಅದರಲ್ಲಿರುವ ಬೆಣ್ಣೆಯೇ ಆಗಬೇಕು. ಏನದು ಅಂತ ಕೇಳಿದರೆ ಆಫ್ರಿಕಾದ ಒಂದು ಕಾಯಿಯ ಬೀಜದ್ದಂತೆ, ಶಿಯಾ ಅಂತ ಹೆಸರು. ಜೊತೆಗೆ ಮಾವಿನ ವಾಟೆಯೊಳಗಿನ ಬೀಜದ ಬೆಣ್ಣೆಯೂ ಬೆರೆತಿದೆಯಂತೆ. “ವಾಟೆನಾ? ನಮ್ ತಿಪ್ಪೇಲಿ ಬಿದ್ದದೆ, ಬೇಕಾದ್ರೆ ಮೂಟೆ ಕಟ್ಕೊಡ್ತೀನಿ” ಅಂದೆ. ಅವಳು ನಗಲಿಲ್ಲ.

ಬೀಜದಿಂದ ಬೆಣ್ಣೆ ಬರುವುದು ನನಗೇನು ಹೊಸದಲ್ಲ. ನನ್ನ ತವರು ನಾಗಮಂಗಲದ ಕಡೆ. ಅಲ್ಲಿ ಹಿಪ್ಪೆ ಬೀಜವನ್ನು ಗಾಣಕ್ಕೆ ಹಾಕಿಸುತ್ತಿದ್ದೆವು. ಆ ಎಣ್ಣೆ ಚಳಿಗೆ ಬೆಣ್ಣೆಯ ಹಾಗೆ ಹೆಪ್ಪುಗಟ್ಟುತ್ತಿತ್ತು. ನಮ್ಮವ್ವ ಅದನ್ನು ಒಡೆದ ಹಿಮ್ಮಡಿಗೆ ಮೆತ್ತುತ್ತಿದ್ದಳು, ಎಣ್ಣೆ ತೆಗೆದ ಹಿಂಡಿಯಲ್ಲಿ ನಮ್ಮ ತಲೆ ತಿಕ್ಕುತ್ತಿದ್ದಳು. ನನ್ನ ಕೈಯೂ ನುಣ್ಣಗಾಗಲಿ ಅಂತ ಬಸ್ಸು ಹತ್ತಿ ತಂಗಿಯ ಮನೆಗೆ ಹೋಗಿ ಒಂದು ಬಾಟಲಿ ಹಿಪ್ಪೆ ಎಣ್ಣೆ ತಂದೇಬಿಟ್ಟೆ. ನೆನಪಲ್ಲಿ ಎಲ್ಲ ಚೆನ್ನಾಗಿಯೇ ಇರುತ್ತದೆ, ವಾಸನೆಯೊಂದು ನೆನಪಿರುವುದಿಲ್ಲ. ಹಚ್ಚಿಕೊಂಡು ಜಗಲಿಯಲ್ಲಿ ಕೂತರೆ ಮಗ ಊಟದ ತಟ್ಟೆ ಎತ್ತಿಕೊಂಡು ಹಿತ್ತಲಿಗೆ ಹೋದ. ಹಾಲು ಕರೆಯಲು ಹೋದರೆ ಎಮ್ಮೆ ನನ್ನತ್ತ ತಿರುಗಿ ಮೂಸಿ ನೋಡಿ, ಕಾಲು ಝಾಡಿಸಿತು. ಪಕ್ಕದ ಮನೆಯವಳು ಗೋಡೆ ಮೇಲಿಂದ, “ಈ ವಯಸ್ನಲ್ಲಿ ಯಾರ್ಗೆ ತೋರ್ಸಕ್ಕೆ ದೊಡ್ಡವ್ವ?” ಅಂದಳು. “ನಿನ್ ಗಂಡುಂಗಲ್ಲ, ಎದ್ರುಕೋಬ್ಯಾಡ” ಅಂದೆ. ಆದರೆ ಆ ವಾಸನೆ ಇಟ್ಟುಕೊಂಡು ಕೂಸಿನ ಹತ್ತಿರ ಸುಳಿಯುವ ಹಾಗಿರಲಿಲ್ಲ.

ಆಗ ಡಬ್ಬಿಯ ಮೇಲೆ ನನ್ನ ಕಣ್ಣು ಬಿತ್ತು. ಕೂಸಿಗೆ ಇಂಜೆಕ್ಷನ್ ಹಾಕಿಸಲು ತಾಯಿ ಮಗಳು ಪಾಂಡವಪುರಕ್ಕೆ ಹೋಗಿದ್ದರು. ಸುಮ್ಮನೆ ಒಂದು ಬೆರಳು ತೆಗೆದುಕೊಳ್ಳೋಣ ಅಂತ ಮುಚ್ಚಳ ತೆರೆದೆ. ಮೂಸಿದೆ. ಹಸಿ ಹಸಿ ವಾಸನೆ! ಕಾಯಿಸದೆ ಇಟ್ಟ ಯಾವ ಬೆಣ್ಣೆ ಕೆಡದೆ ಉಳಿದೀತು? ಅದನ್ನು ಎಳೆ ಕೂಸಿನ ಮೈಗೆ ಬಳಿಯುವುದೇ? ಈ ಓದಿದ ಹುಡುಗಿಗೆ ಅಷ್ಟೂ ತಿಳಿಯಲಿಲ್ಲವಲ್ಲ ಅಂತ ಅಯ್ಯೋ ಅನಿಸಿತು. ಡಬ್ಬಿಯನ್ನು ಪೂರ್ತಿ ಬಾಣಲೆಗೆ ಬಗ್ಗಿಸಿ ಒಲೆಯ ಮೇಲಿಟ್ಟೆ. ತುಪ್ಪ ಕಾಯಿಸುವಾಗ ಹಾಕುವ ಹಾಗೆ ಒಂದು ಹಿಡಿ ನುಗ್ಗೆಸೊಪ್ಪು, ಒಂದು ವೀಳ್ಯದೆಲೆ ಹಾಕಿದೆ. ಎಲೆ ಗರಿಗರಿಯಾದ ಮೇಲೆ ಇಳಿಸಿ, ಸೋಸಿ, ಡಬ್ಬಿಗೆ ತುಂಬಿ ಗೂಡಿನಲ್ಲಿಟ್ಟೆ. ಬೆಳಿಗ್ಗೆ ನೋಡಿದರೆ ಮರಳು ಮರಳಾಗಿ ಹರಳುಗಟ್ಟಿತ್ತು! ತುಪ್ಪ ಕಾಯಿಸಿದವರಿಗೆ ಗೊತ್ತು, ಹಾಗೆ ಮರಳಾಗಬೇಕಾದರೆ ಕೈಗುಣ ಇರಬೇಕು. ಹೆಮ್ಮೆಯಿಂದ ಸೌಮ್ಯಳ ಕೈಗಿಟ್ಟೆ.

“ಅಜ್ಜೀ! ಎಲ್ಲಾ ಆಳ್ ಮಾಡ್ಬುಟ್ಟಲ್ಲ! ಇದು ನುಣ್ಣಗಿರ್ಬೇಕು ಕಣಜ್ಜಿ!”

“ಮರಳು ಕಟ್ಟುದ್ರೆ ತಾನೆ ಒಳ್ಳೆ ತುಪ್ಪ?”

“ತುಪ್ಪ ಅಲ್ಲ ಕಣಜ್ಜಿ ಇದು! ನುಗ್ಗೆಸೊಪ್ಪಿನ್ ವಾಸ್ನೆ ಬ್ಯಾರೆ! ನೀನೇ ಬಳ್ಕೊ ಓಗು!”

ಬಳ್ಕೊ ಅಂದಳಲ್ಲ, ಬಳಿದುಕೊಂಡೆ. ಕದಿಯುವ ಕೆಲಸವೂ ತಪ್ಪಿತು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ದಿನಕ್ಕೆ ಮೂರು ಹೊತ್ತು, ಜಗಲಿಯ ಮೇಲೆ ಎಲ್ಲರಿಗೂ ಕಾಣುವ ಹಾಗೆ ಕೂತು ಬಳಿದುಕೊಂಡೆ. ಉಗುರಿನಷ್ಟು ತೆಗೆದು ಅಂಗೈಯಲ್ಲಿ ಉಜ್ಜಿದರೆ ಹರಳು ಚರಚರ ಅಂದು, ಆಮೇಲೆ ಕರಗಿ ಇಳಿಯುತ್ತಿತ್ತು. ಮಿಕ್ಕಿದ್ದನ್ನು ಕೆನ್ನೆಗೆ, ಅದರಲ್ಲೂ ಮಿಕ್ಕಿದ್ದನ್ನು ತುರುಬಿಗೆ ಒರೆಸಿಕೊಳ್ಳುತ್ತಿದ್ದೆ. ಕಬ್ಬಿನ ಗರಿ ಕುಯ್ದ ಗೀರು, ಬೂದಿಯಲ್ಲಿ ಪಾತ್ರೆ ತಿಕ್ಕಿದ ಒಡಕು, ಒಂದೊಂದೇ ಕೂಡಿಕೊಂಡವು. ಮೂರನೇ ವಾರ ಮುದ್ದೆ ಕಟ್ಟಲು ಹೋಗಿ ‘ಅಯ್ಯಪ್ಪಾ’ ಅಂತ ಕೈ ಕೊಡವಿದೆ. ಐವತ್ತೈದು ವರ್ಷ ಕೆಂಡದಂಥ ಮುದ್ದೆಯನ್ನು ಉರುಳಿಸಿದ ಕೈ ಅದು! ಹಿಟ್ಟೇ ಸರಿಯಿಲ್ಲ ಅಂತ ಮಿಲ್ಲಿನವನನ್ನು ಬೈದು ಸುಮ್ಮನಾದೆ.

ತೊಟ್ಟಿಲು ಶಾಸ್ತ್ರದ ಬೆಳಿಗ್ಗೆ ಬೀಗಿತ್ತಿ ಬಂದರು. ಸೌಮ್ಯ ಬಾಯಿ ತೆರೆಯುವ ಮೊದಲೇ ನಾನು ಎರಡೂ ಅಂಗೈ ಅವರ ಮುಂದೆ ಚಾಚಿದೆ. ಮುಟ್ಟಿ ನೋಡಿದರು. “ಅಯ್, ಏನಕ್ಕ, ನನ್ ಕೈಗಿಂತ ನುಣ್ಣಗವ್ವೆ!” ಅಂದರು. “ಕೇಳುಸ್ತಾ ಭಾಗ್ಯ, ಟವಲ್ ಇಡ್ಕೊಂಡು ಬಾಗ್ಲಲ್ಲಿ ನಿಂತ್ಕೊ” ಅಂದೆ. ಗೆದ್ದ ಜಟ್ಟಿಯ ಹಾಗೆ ಬಚ್ಚಲಿಗೆ ನಡೆದು, ಮಣೆಯ ಮೇಲೆ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡೆ. ಎಂದಿನ ಅಳತೆಯಲ್ಲೇ ನೀರು ಬೆರೆಸಿ, ಹದ ನೋಡಲು ಬಕೆಟ್ಟಿಗೆ ಕೈ ಅದ್ದಿದೆ.

ಚುರ್ ಅಂತ ಕೈ ಸುಟ್ಟಿತು.

ಕೈ ಈಚೆಗೆ ಎಳೆದುಕೊಂಡು ಬಕೆಟ್ಟನ್ನೇ ನೋಡುತ್ತಾ ಕೂತೆ. ಎಂದಿನ ನೀರೇ. ಎಲ್ಲ ಕೂಸುಗಳಿಗೂ ಹೊಯ್ದ ನೀರೇ. ಅಷ್ಟೂ ಕಿರುಚಾಟ, ಅಷ್ಟೂ ದಾಸವಾಳದ ಮೊಗ್ಗು ಕಣ್ಣ ಮುಂದೆ ಸಾಲಾಗಿ ಹಾದುಹೋದವು. ಬೋರಿನ ಹತ್ತಿರ ಮಗ ಆಗಲೇ ದಬದಬ ತಣ್ಣೀರು ಹೊಯ್ದುಕೊಳ್ಳುತ್ತಿದ್ದ ಸದ್ದು ಕೇಳಿಸಿತು.

“ಯಾಕತ್ತೆಮ್ಮ, ಏನಾಯ್ತು?” ಅಂದಳು ಭಾಗ್ಯ ಬಾಗಿಲಿಂದ.

“ಏನೂ ಇಲ್ಲ. ಈ ಕೂಸು ಒಸಿ ನಾಜೂಕು, ಕಿಕ್ಕೇರಿ ಕಡೇದು ನೋಡು. ಎರಡು ಚೊಂಬು ತಣ್ಣೀರು ತಾ” ಅಂದೆ. ಅವಳು ತಂದಳು. ತಿರುಗಿ ನೋಡದೆ, “ಇನ್ನೂ ಎರಡು ತಾ” ಅಂದೆ.