ಹುಳು ಮನೆಯ ಜೈಲರಮ್ಮ

ಸಾಧು ಹೆಂಗಸು ಎಂದು ನಾಲ್ಕು ಜನರಿಂದ ಹೇಳಿಸಿಕೊಂಡವಳಿಗೆ ಒಂದು ತೊಂದರೆಯಿದೆ. ಅವಳು ತನ್ನ ಚಟಗಳನ್ನು ಬಚ್ಚಿಟ್ಟುಕೊಂಡೇ ಬದುಕಬೇಕು. ನನ್ನ ಚಟ ಸಿನಿಮಾ, ಅದರಲ್ಲೂ ಒಂದೇ ಬಗೆಯ ಸಿನಿಮಾ. ಮಾಡದ ಕೊಲೆಗೆ ಹೆಂಗಸೊಬ್ಬಳನ್ನು ಜೈಲಿಗೆ ಹಾಕುತ್ತಾರೆ, ಅವಳು ಗೋಡೆ ಹಾರಿ ತಪ್ಪಿಸಿಕೊಳ್ಳುತ್ತಾಳೆ, ಕಾಡುಮೇಡು ಅಲೆಯುತ್ತಾಳೆ, ಕೊನೆಗೆ ನಿಜವಾದ ಕೊಲೆಗಾರನನ್ನು ಹುಡುಕಿ ಬಂಡೆಯ ಮೇಲಿನಿಂದ ನೂಕುತ್ತಾಳೆ. ಕಡಿಮೆ ದುಡ್ಡಿನಲ್ಲಿ ತೆಗೆದ, ತುಟಿ ಒಂದು ಹೇಳಿದರೆ ದನಿ ಇನ್ನೊಂದು ಹೇಳುವ ಇಂಥ ಚಿತ್ರ ಮಧ್ಯಾಹ್ನ ಯಾವುದಾದರೊಂದು ಚಾನೆಲ್‌ನಲ್ಲಿ ಇದ್ದೇ ಇರುತ್ತದೆ. ನಮ್ಮ ಯಜಮಾನರು ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೆ ಹೋದ ದಿನ ನಾನು ಬಾಗಿಲು ಹಾಕಿಕೊಂಡು ನೋಡುತ್ತೇನೆ. ಅವರು ಬರುವ ಹೊತ್ತಿಗೆ ಟೀವಿಯಲ್ಲಿ ಭಕ್ತಿಗೀತೆ ಬರುತ್ತಿರುತ್ತದೆ.

ಇವು ಒಳ್ಳೆಯ ಸಿನಿಮಾಗಳೆಂದು ನಾನು ವಾದಿಸುವುದಿಲ್ಲ. ಆ ಹೆಂಗಸಿನ ನಿರಪರಾಧಿತ್ವಕ್ಕಿಂತ ಅವಳ ಒದ್ದೆ ಸೀರೆಯ ಮೇಲೆಯೇ ಕ್ಯಾಮೆರಾಗೆ ಹೆಚ್ಚು ಮಮತೆ. ಮೂರು ದಿನ ಮುಳ್ಳುಕಂಟಿಯಲ್ಲಿ ಓಡಿದರೂ ಸೀರೆ ಹರಿಯುವುದು ಭುಜದ ಹತ್ತಿರ ಮಾತ್ರ, ಕಣ್ಣಿನ ಕಾಡಿಗೆ ಅಳಿಸುವುದೇ ಇಲ್ಲ. ಪೊಲೀಸರು ಅವಳನ್ನು ಹಿಡಿಯುವುದು ಯಾವಾಗಲೂ ಅಡುಗೆಮನೆಯಲ್ಲಿ. ಎಳೆದುಕೊಂಡು ಹೋಗುತ್ತಾರೆ, ಒಲೆ ಆರಿಸುವವರೇ ಇಲ್ಲ. ಅರ್ಧ ಸಿನಿಮಾ ನನಗೆ ಒಲೆಯ ಮೇಲಿನ ಸಾರಿನದೇ ಚಿಂತೆ. ಆದರೂ ನೋಡುತ್ತೇನೆ, ಯಾಕೆಂದರೆ ಇಡೀ ಊರು ಅವಳನ್ನು ಕೊಲೆಗಾತಿ ಅನ್ನುವಾಗ, ಅವಳಲ್ಲ ಎಂದು ಗೊತ್ತಿರುವುದು ಕುರ್ಚಿಯಲ್ಲಿ ಕೂತ ನನಗೊಬ್ಬಳಿಗೇ. ಮನೆಯಲ್ಲಿ ಅಷ್ಟು ದೊಡ್ಡ ಜವಾಬ್ದಾರಿಯನ್ನು ನನಗೆ ಯಾರೂ ಕೊಟ್ಟಿಲ್ಲ.

ಹೀಗಿರುವಾಗ ಅಂಥದೇ ಒಂದು ಸಿನಿಮಾ ನಮ್ಮ ತೋಟಕ್ಕೇ ಬಂತು. ರಾಮನಗರದ ಸುತ್ತ ಬಂಡೆ ಇರುವ ಕಡೆಯೆಲ್ಲ ಶೂಟಿಂಗಿನವರು ಬರುವುದು ಹೊಸದಲ್ಲ. ಇವರಿಗೆ ಬಂಡೆ ಸಿಕ್ಕಿತ್ತು, ಜೈಲು ಸಿಕ್ಕಿರಲಿಲ್ಲ. ತೋಟದ ಮೂಲೆಯಲ್ಲಿ ನಮ್ಮ ಹುಳು ಮನೆಯಿದೆ, ರೇಷ್ಮೆ ಹುಳು ಮೇಯಿಸುವ ಉದ್ದನೆಯ ಕಟ್ಟಡ. ಒಂದು ಬೆಳೆ ಮುಗಿದು ಇನ್ನೊಂದಕ್ಕೆ ಸುಣ್ಣ ಬಳಿದು ಖಾಲಿ ಬಿಟ್ಟಿದ್ದೆವು. ನಿರ್ದೇಶಕರು ಒಳಗೆ ಬಂದು ಕಂಬಿ ಹಾಕಿದ ಕಿಟಕಿ, ಕಿಟಕಿಗೆ ಬಡಿದ ಬಲೆ, ಸಾಲುಸಾಲು ಕಬ್ಬಿಣದ ಅಟ್ಟಣೆ ನೋಡಿ, "ಏನೂ ಬದಲಾಯಿಸೋದು ಬೇಡ ಮೇಡಂ, ಹೀಗೇ ಇರಲಿ," ಎಂದರು. ಇಷ್ಟು ವರ್ಷ ನಾನು ಅದನ್ನು ಅಚ್ಚುಕಟ್ಟು ಎಂದುಕೊಂಡಿದ್ದೆ.

ಅವರು ಕರೆತಂದ ಕೈದಿಗಳು ಮೂವರೇ. ಇನ್ನೊಬ್ಬಳು ಬೇಕೆಂದಾಗ ಚಿಕ್ಕತಾಯಮ್ಮನನ್ನು ಮುಂದಕ್ಕೆ ತಳ್ಳಿದವಳು ನಾನೇ. ಹನ್ನೆರಡು ವರ್ಷದಿಂದ ನಮ್ಮಲ್ಲಿ ಸೊಪ್ಪು ಕೊಯ್ದು ಹುಳು ನೋಡಿಕೊಳ್ಳುವವಳು ಅವಳು. ಕಾಲೇಜು ಬಿಟ್ಟ ಮೇಲೆ ಅವಳ ಮಗಳು ಭವ್ಯಾಳೂ ಬಂದು ಕೈಜೋಡಿಸುತ್ತಿದ್ದಳು. "ನಂಗ್ಯಾಕ್ರಮ್ಮಾವ್ರೇ ಇವೆಲ್ಲಾ, ಮಗಳ ಮದ್ವೆ ಮಾತಾಯ್ತಾ ಐತೆ," ಎಂದಳು. "ಬರೀ ನಾಟಕ ಅಲ್ವಾ ಚಿಕ್ಕತಾಯಮ್ಮ," ಎಂದೆ. ಜೈಲರ್ ಪಾತ್ರದಾಕೆಯೂ ಬರಲಿಲ್ಲವೆಂದು ನನಗೇ ಖಾಕಿ, ಟೋಪಿ, ಕಪ್ಪು ಕನ್ನಡಕ ಹಾಕಿಸಿದರು. ನಾನು ಒಲ್ಲೆನೆಂದೆ. ಒಂದೇ ಸಲ ಒಲ್ಲೆನೆಂದೆ.

ದೃಶ್ಯ ಇಷ್ಟೇ: ಜೀಪಿನಿಂದ ಕೋಳ ಹಾಕಿದ ಚಿಕ್ಕತಾಯಮ್ಮನನ್ನು ಇಳಿಸುತ್ತಾರೆ. ನಾನು ಬಾಗಿಲಲ್ಲಿ ನಿಂತು, "ಈ ಗೋಡೆ ದಾಟಿದವರು ಇದುವರೆಗೆ ಯಾರೂ ಇಲ್ಲ," ಎಂದು ಗರ್ಜಿಸಬೇಕು. ಕೋಳ ಕಂಡ ಗಾಬರಿಗೆ ಅವಳು ನಿಜವಾಗಿಯೇ ಅತ್ತಳು. ನನಗೆ ಮಾತು ಮರೆತುಹೋಯಿತು. ಹುಳು ಮನೆಗೆ ಹೊರಗಿನ ಸೋಂಕು ಬರಬಾರದೆಂದು ಬಾಗಿಲಲ್ಲೇ ಸುಣ್ಣದ ನೀರು ಇಟ್ಟಿರುತ್ತೇವೆ. ಅಭ್ಯಾಸಬಲದಿಂದ, "ಕಾಲು ತೊಳ್ಕೊಂಡು ಒಳಗೆ ಬಾಮ್ಮ," ಎಂದುಬಿಟ್ಟೆ. ಮೆತ್ತಗೇ ಅಂದೆ. ಚನ್ನಪಟ್ಟಣದಲ್ಲಿ ನಾನು ಓದಿದ ಕಾನ್ವೆಂಟಿನಲ್ಲಿ ದನಿ ಎತ್ತುವುದು ಅವಮರ್ಯಾದೆ, ದನಿ ಎತ್ತದೆ ಕೆಲಸ ಆಗಬೇಕು. ನಿರ್ದೇಶಕರು ಓಡಿಬಂದು, "ಅದ್ಭುತ ಮೇಡಂ, ಇದೇ ಇರಲಿ," ಎಂದರು.

ಶೂಟಿಂಗ್ ನೋಡಲು ನಿಂತವರಲ್ಲಿ ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದರು. ವಾರದೊಳಗೆ ಅದು ಮಾಗಡಿಯವರೆಗೆ ಹೋಗಿ, ತಿಪ್ಪಸಂದ್ರದ ಸಾಕಮ್ಮನ ಮನೆ ತಲುಪಿತು. ಭವ್ಯಾಳನ್ನು ಸಾಕಮ್ಮನ ಮಗನಿಗೆ ಕೇಳಿದ್ದರು, ಹೂ ಮುಡಿಸುವುದೊಂದು ಬಾಕಿಯಿತ್ತು. ಅವರ ಕಡೆಯ ನೆಂಟನೊಬ್ಬ ಚಿಕ್ಕತಾಯಮ್ಮನಿಗೆ ಫೋನು ಮಾಡಿ, "ಏನ್ ಕೇಸಲ್ಲಿ ಹಿಡ್ಕಂಡ್ ಹೋಗಿದ್ರವ್ವ ನಿನ್ನ?" ಎಂದನಂತೆ. ಅವಳು ಸತ್ಯವಾಗಿ, "ನಂಗೂ ಗೊತ್ತಿಲ್ಲ ಕಣಪ್ಪ," ಎಂದಳಂತೆ. ಅದು ನಿಜವೇ. ನಾನು ಆಮೇಲೆ ನಿರ್ದೇಶಕರಿಗೆ ಫೋನು ಮಾಡಿ ವಿಚಾರಿಸಿದೆ. ಸೈಡ್ ಕೈದಿಗಳ ಅಪರಾಧವನ್ನು ಅವರು ಇನ್ನೂ ಬರೆದಿರಲಿಲ್ಲ. ಅತ್ತ ತಿಪ್ಪಸಂದ್ರದಿಂದ, "ಒಸಿ ದಿನ ಬುಡಿ, ಆಮ್ಯಾಕ್ ನೋಡಾನ," ಎಂದು ಮಾತು ಬಂತು. ಅದರರ್ಥ ಎಲ್ಲ ಹೆಣ್ಣು ಹೆತ್ತವರಿಗೂ ಗೊತ್ತು.

ಚಿಕ್ಕತಾಯಮ್ಮ ಊರ ಮುಂದಿನ ದಾರಿ ಬಿಟ್ಟು, ತಲೆಯ ಮೇಲೆ ಸೆರಗೆಳೆದುಕೊಂಡು ಹಿತ್ತಲ ಕಡೆಯ ಬದುವಿನ ಮೇಲೆ ಬರತೊಡಗಿದಳು. ಯಾರಾದರೂ ಎದುರು ಬಂದರೆ ಹಿಪ್ಪುನೇರಳೆ ಸಾಲಿನೊಳಗೆ ಬಾಗಿ, ಸೊಪ್ಪು ಕೊಯ್ಯುವಂತೆ ನಿಲ್ಲುತ್ತಿದ್ದಳು. ಅಡುಗೆಮನೆಯ ಕಿಟಕಿಯಿಂದ ನನಗೆ ಎಲ್ಲ ಕಾಣುತ್ತಿತ್ತು. ಇಷ್ಟು ಕಾಲ ನಾನು ನೋಡಿದ ಯಾವ ಸಿನಿಮಾದಲ್ಲೂ ತಪ್ಪಿಸಿಕೊಂಡು ಓಡಾಡುವ ಹೆಂಗಸು ಇಷ್ಟು ನಿಧಾನವಾಗಿ ನಡೆದಿರಲಿಲ್ಲ. ಅವಳ ಹಿಂದೆ ನಾಯಿಯಿಲ್ಲ, ಜೀಪಿಲ್ಲ, ಸಂಗೀತವೂ ಇಲ್ಲ. ಮುಂದಿನ ಸಲ ಯಜಮಾನರು ಮಾರುಕಟ್ಟೆಗೆ ಹೋದ ದಿನ ನಾನು ಟೀವಿ ಹಾಕಲಿಲ್ಲ.

ಮಾರನೆಯ ದಿನ ಅವಳನ್ನು ಕರೆದುಕೊಂಡು ತಿಪ್ಪಸಂದ್ರಕ್ಕೆ ಬಸ್ಸು ಹತ್ತಿದೆ. ಸಾಕ್ಷಿ ಹೇಳುವುದಕ್ಕೆ ಕೊನೆಗೂ ನನಗೊಂದು ಅವಕಾಶ ಸಿಕ್ಕಿತ್ತು, ಹೇಳಬೇಕಾದ್ದನ್ನು ಮಾಗಡಿ ಬರುವವರೆಗೆ ಮನಸ್ಸಿನಲ್ಲೇ ಜೋಡಿಸಿಕೊಂಡೆ. ಸಾಕಮ್ಮ ಚಾಪೆ ಹಾಸಿ, ಕಾಫಿ ಕೊಟ್ಟು, ನನ್ನ ಭಾಷಣವನ್ನು ಪೂರ್ತಿ ಕೇಳಿದರು. ನಾನು ಯಾರೆಂದು ಹೇಳಿಕೊಳ್ಳುವುದು ಮಾತ್ರ ಅದರಲ್ಲಿ ಬಿಟ್ಟುಹೋಗಿತ್ತು.

"ಅದು ಸಿನಿಮಾ ಅಂತ ನಂಗೆ ಆವತ್ತೇ ಗೊತ್ತು ಬುಡ್ರವ್ವ," ಎಂದರು. "ಪೊಲೀಸ್ನೋನ ಕಾಲಲ್ಲಿ ಹವಾಯಿ ಚಪ್ಲಿ ಐತೆ."

"ಮತ್ತೆ ಯಾಕೆ ತಡ ಮಾಡ್ತಿದ್ದೀರಿ?" ಎಂದೆ.

"ಅದ್ರಲ್ಲಿ ಜೈಲರಮ್ಮ ಒಬ್ಳು ಬತ್ತಾಳಲ್ಲ, ಅವ್ಳು ಇವ್ರು ಕೆಲಸ ಮಾಡೋ ಮನೆಯೋಳೇ ಅಂತೆ. ಭವ್ಯನೂ ಅವ್ಳ ಕೈ ಕೆಳ್ಗೇ ಬೆಳ್ದಿರೋದಂತೆ. ಈ ತಾಯಿ ಕೋಳ ಹಾಕಿಸ್ಕಂಡು ಅಳ್ತಾ ಅವ್ಳೆ. ಬೈದಿದ್ರೆ ಬೈಲಿ, ಹೊಡದಿದ್ರೆ ಹೊಡೀಲಿ. ಆವಮ್ಮ ಏನಂತಾಳೆ? ಕಾಲು ತೊಳ್ಕಂಡ್ ಬಾ ಅಂತಾಳೆ. ಅಷ್ಟು ತಣ್ಣಗೆ. ನಂಗೆ ಮೈ ಝುಂ ಅಂದ್ಬುಡ್ತು. ನಾಳೆ ಅಲ್ಲಿ ಕಲ್ತ ಹುಡ್ಗಿ ಸೊಸೆಯಾಗಿ ಬಂದು, ನಮ್ಮನೆ ಬಾಗ್ಲಲ್ಲೇ ನಿಂತ್ಕಂಡು ನಂಗೇ ಹಂಗಂದ್ರೆ ನಾನೇನ್ ಮಾಡ್ಲಿ?"

ಅವಳು ನಾನೇ ಎಂದರೆ ಭವ್ಯಾಳ ಮದುವೆ ಅಲ್ಲಿಗೇ ಮುಗಿಯಿತು. ಅಲ್ಲವೆಂದರೆ ಸುಳ್ಳು ಹೇಳಬಾರದೆಂದು ಕಾನ್ವೆಂಟಿನಲ್ಲಿ ಕಲಿತದ್ದೆಲ್ಲ ಮುಗಿಯಿತು. ನಾನು ಬಾಯಿ ತೆರೆಯುವ ಮೊದಲೇ ಚಿಕ್ಕತಾಯಮ್ಮ ಮುಂದಕ್ಕೆ ಬಾಗಿದಳು.

"ಅಯ್ಯೋ, ಅವ್ಳಾ ಅಕ್ಕಾ? ಅವ್ಳು ಬೆಂಗ್ಳೂರಿಂದ ಬಂದೋಳು. ಒಂದಿನ ಬಂದ್ಳು, ಹೋದ್ಳು. ನಮ್ ಅಮ್ಮಾವ್ರು ಇವ್ರೇಯ. ನೋಡು, ಜೋರಾಗಿ ಒಂದ್ ಮಾತಾಡೋರಲ್ಲ."

ಸಾಕಮ್ಮ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ನಾನು ನಕ್ಕೆ. ದನಿ ಗುರುತಾದೀತೆಂದು ಅಲ್ಲಿಂದ ಮುಂದೆ ಬರೀ ತಲೆಯಾಡಿಸಿದೆ. ಅಂತೂ, "ಹಂಗಾದ್ರೆ ಆಷಾಢ ಕಳೀಲಿ, ಬಂದು ಹೂ ಮುಡುಸ್ತೀವಿ," ಎಂದರು. ಚಿಕ್ಕತಾಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕ್ಯಾಮೆರಾ ಮುಂದೆ ಅತ್ತದ್ದಕ್ಕಿಂತ ಕಡಿಮೆ ಅತ್ತಳು. ಬಸ್ ಸ್ಟ್ಯಾಂಡಿನವರೆಗೆ ತಲೆಯ ಮೇಲೆ ಸೆರಗಿಲ್ಲದೆ, ರಸ್ತೆಯ ನಡುವೆಯೇ ನಡೆದಳು.

ಬಸ್ಸು ಹೊರಟ ಮೇಲೂ ನನಗೆ ಆ ಬೆಂಗಳೂರಿನ ಹೆಂಗಸಿನದೇ ಯೋಚನೆ. ಪಾಪ, ಇಲ್ಲದವಳ ಮೇಲೆ ಅಪರಾಧ ಹೊರಿಸಿ ಬಂದಿದ್ದೆವು. ನನಗಂತೂ ಅಂಥ ಗುಣವಿಲ್ಲ, ಅದು ಕ್ಯಾಮೆರಾದ ಆಟ, ಕಪ್ಪು ಕನ್ನಡಕದ ಆಟ ಎಂದು ನನ್ನ ಪರವಾಗಿ ನಾನೇ ವಾದ ಮಾಡಿಕೊಂಡೆ. ಆದರೂ ತಡೆಯಲಾರದೆ ಕೇಳಿದೆ.

"ಚಿಕ್ಕತಾಯಮ್ಮ, ನಾನು ಅಷ್ಟು ಚೆನ್ನಾಗಿ ಆಕ್ಟಿಂಗ್ ಮಾಡಿದ್ನಾ?"

ಅವಳು ಕಿಟಕಿಯಾಚೆಯ ಸಾವನದುರ್ಗದ ಬಂಡೆಯಿಂದ ನನ್ನ ಕಡೆ ತಿರುಗಿದಳು.

"ನೀವೆಲ್ ಆಕ್ಟಿಂಗ್ ಮಾಡುದ್ರಿ ಅಮ್ಮಾವ್ರೇ? ದಿನಾ ಅಂದಂಗೇ ಅಂದ್ರಿ. ಕೋಳ ಇತ್ತಲ್ಲ, ಅದ್ಕೇ ಎಲ್ರಿಗೂ ಗೊತ್ತಾಯ್ತು."

ಮುಂದಿನ ನಿಲ್ದಾಣದಲ್ಲಿ ಜನ ಹತ್ತಿದರು, ಒತ್ತಿಕೊಂಡು ಕೂರಬೇಕಾಯಿತು. "ಒಸಿ ಜರುಗಿ," ಎಂದಳು ಚಿಕ್ಕತಾಯಮ್ಮ, ತೀರಾ ಮೆತ್ತಗೆ. ನಾನು ತಕ್ಷಣ ಜರುಗಿದೆ.