ಕಾಜಿನ ಊರಿಗೆ ಫರಸಿ ಹಾಸಿದ್ದು

ಬರೀ ಬಯಲಿದ್ದಲ್ಲಿ ಕಣ್ಣೆದುರೇ ಒಂದು ಊರು ಎದ್ದು ನಿಂತರೆ ಎಚ್ಚರ ಯಾವುದು, ಕನಸು ಯಾವುದು ತಿಳಿಯೋದಿಲ್ಲ. ಆಗ ಇಂಥವು ನಡೀತಾನೇ ಇರ್ತಾವೆ. ನಾನು ವಾಡಿ ಸ್ಟೇಷನ್ನಿನ ಹತ್ತಿರದ ಶಹಾಬಾದಿನವನು, ನೆಲಕ್ಕೆ ಫರಸಿ ಕಲ್ಲು ಹಾಸುವ ಮೇಸ್ತ್ರಿ. ಹೈದರಾಬಾದಿನ ಅಂಚಿಗೆ ಕಂಪ್ಯೂಟರ್ ಕಂಪನಿಗಳ ಊರು ಬೆಳೆಯುವಾಗ ಅಲ್ಲೇ ಬಹಳ ವರ್ಷ ದುಡಿದೆ.

೧. ಮೀಟಿಂಗ್ ಹಾಲು

ಮೊದಲ ಸಲ ಹೋದಾಗ ಅಲ್ಲಿದ್ದದ್ದು ಬಂಡೆ, ಗಾಳಿ, ಒಂದು ಬೇವಿನ ಮರ. ಇಂಜಿನಿಯರು ನಕ್ಷೆ ಹಿಡಿದು ಗಾಳಿಯಲ್ಲೇ ಬಾಗಿಲು ತೆರೆದು, ಮೆಟ್ಟಿಲು ಹತ್ತಿ ತೋರಿಸುತ್ತಿದ್ದರು. ನೋಡುತ್ತ ನೋಡುತ್ತ ನನಗೂ ಬಾಗಿಲು ಕಾಣತೊಡಗಿತು. ನನ್ನ ಜೊತೆ ಕೆಲಸಕ್ಕೆ ಬಂದಿದ್ದ, ಚಿಮ್ಮನಚೋಡ ಊರಿನ ಕಾಕಾ ಮಾತ್ರ ಉಂಡು, ಬೇವಿನ ನೆರಳಲ್ಲಿ ಮಲಗಿಬಿಟ್ಟಿದ್ದ.

"ಏಳ್ರಿ! ಇದು ದೊಡ್ಡ ಸಾಹೇಬರ ಮೀಟಿಂಗ್ ಹಾಲು," ಅಂದರು ಇಂಜಿನಿಯರು.

ಕಾಕಾ ಮಗ್ಗಲು ಬದಲಿಸಿದ. "ನಾ ಟೈಮಿಗೆ ಬಂದೀನ್ರಿ. ಉಳಿದವ್ರೇ ಇನ್ನಾ ಬಂದಿಲ್ಲ."

೨. ಕೊರಳಿನ ಕಾರ್ಡು

ಗಾಜಿನ, ನಮ್ಮ ಮಾತಲ್ಲಿ ಕಾಜಿನ, ಕಟ್ಟಡಗಳು ಎದ್ದವು. ಬೆಳಿಗ್ಗೆ ಮೋಡಗಳು ಗೋಡೆಯೊಳಗೇ ತೇಲುತ್ತಿದ್ದವು. ಪಕ್ಕದ ಹಳೇ ಹಳ್ಳಿಯ ಅಜ್ಜಿಯೊಬ್ಬಳ ಎಮ್ಮೆ ಮೇಯುವ ದಾರಿ ಮರೆತಿರಲಿಲ್ಲ; ದಿನಾ ಬಂದು ಕಾಜಿನಲ್ಲಿ ತನ್ನನ್ನೇ ನೋಡುತ್ತ ನಿಲ್ಲುತ್ತಿತ್ತು. ಒಂದು ದಿನ ಗೇಟಿನ ಕಾವಲುಗಾರ ತೆಲುಗಿನಲ್ಲಿ ಕೂಗುತ್ತ ಅಡ್ಡ ಬಂದ. "ಕೊಳ್ಳಾಗ ಕಾರ್ಡ್ ಇಲ್ದವ್ರಿಗಿ ಬಿಡಲ್ಲ!"

ಅಜ್ಜಿ ಎಮ್ಮೆಯ ಕೊರಳ ಗಂಟೆ ಅಲ್ಲಾಡಿಸಿದಳು. "ನಿಮ್ಮವ್ರ ಕಾರ್ಡ್ ಸಪ್ಪಳಾ ಮಾಡಲ್ಲ. ನಮ್ಮದು ಬರೂಕಿಂತ ಮೊದ್ಲೇ 'ಬಂದೆ' ಅಂತ ಹೇಳ್ತದ."

೩. ಇಟಲಿ

ನನ್ನ ಹೆಂಡತಿಗೆ ಒಂದೇ ಸಿಟ್ಟು. "ಇಷ್ಟ್ ವರ್ಷ ಅಲ್ಲಿ ಏನ್ ಮಾಡೀರಿ, ತೋರಸ್ರಿ." ಕೊನೆಗೊಮ್ಮೆ ಕರೆದುಕೊಂಡು ಹೋದೆ. ನಾನು ಹಾಸಿ, ಉಜ್ಜಿ, ಪಾಲಿಶ್ ಮಾಡಿದ ದೊಡ್ಡ ಹಾಲು ಸಂಜೆ ಬೆಳಕಿನಲ್ಲಿ ನಿಂತ ನೀರಿನಂತಿತ್ತು. ಆಕೆ ಚಪ್ಪಲಿ ಬಿಟ್ಟು, ಸೀರೆ ಸ್ವಲ್ಪ ಎತ್ತಿ, ಹೊಳೆಗೆ ಇಳಿದಂತೆ ಕಾಲಿಟ್ಟಳು.

ಅಷ್ಟರಲ್ಲಿ ಅಲ್ಲಿನ ಸ್ವಾಗತದ ಹುಡುಗಿ ಬಂದು ಹಿಂದಿಯಲ್ಲಿ ಅಭಿಮಾನದಿಂದ ಅಂದಳು: "ಈ ಕಲ್ಲು ಇಟಲಿಯಿಂದ ತರಿಸಿದ್ದು, ಅಮ್ಮಾ."

ಹೆಂಡತಿ ಕುಕ್ಕರಗಾಲಲ್ಲಿ ಕುಳಿತು ಕಲ್ಲನ್ನು ಸವರಿದಳು. ತವರಿನ ಅಡುಗೆಮನೆಯ ಅದೇ ಬೂದುಬಣ್ಣ. ತಲೆಯೆತ್ತಿ, ಹಿಂದಿಯಲ್ಲೇ, ಭಾಳ ಗಂಭೀರವಾಗಿ ಕೇಳಿದಳು:

"ಇಟಲಿ ವಾಡಿ ಸ್ಟೇಷನ್ನಿಂದ ಎಷ್ಟು ದೂರ ಅದವ್ವಾ? ಅಲ್ಲಿ ಖಣಿಯಾಗ ಈ ಕಲ್ಲು ಆರಿಸಾಕ ಹೋದಾಗೆಲ್ಲ ನಮ್ಮ ಮನ್ಯಾವ್ರು ಮಧ್ಯಾಹ್ನದ ಊಟಕ್ಕ ಮನೀಗೇ ಬರ್ತಿದ್ರು!"